ಯೆಲ್ಲೋಸ್ಟೋನ್ ಗಡಿ ದಾಟಿದ ತೋಳ: ಕೋವಿ ಹಿಡಿದವರು ಏನನ್ನುತ್ತಾರೆ?

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಪರವಾನಗಿ ಪಡೆದವರು ತೋಳವನ್ನು ಬೇಟೆಯಾಡಬಹುದು. ಅದಕ್ಕೆ ಅಂಟಿಕೊಂಡೇ ಇರುವ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದೊಳಗೆ ಯಾವ ಬೇಟೆಗೂ ಅವಕಾಶವಿಲ್ಲ. ಎರಡರ ನಡುವೆ ಬೇಲಿಯಿಲ್ಲ. ಉದ್ಯಾನದ ಬಡಗಣ ಅಂಚಿನ ಬೇಟೆ ವಲಯಗಳಲ್ಲಿ ಎಷ್ಟು ತೋಳಗಳನ್ನು ಹೊಡೆಯಬಹುದು ಎಂಬ ಜಗಳ ಅಲ್ಲಿ 2009ರಿಂದ ನಡೆದಿದೆ. ಈ ಕುರಿತು ಓದುಗರು ಕೇಳಿದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಮೊಂಟಾನಾದಲ್ಲಿ ಸಾವಿರಕ್ಕೂ ಹೆಚ್ಚು ತೋಳಗಳಿವೆ ಎನ್ನುತ್ತಾರೆ. ಗಡಿಯಲ್ಲಿ ವರ್ಷಕ್ಕೆ ಆರೋ ಹತ್ತೋ ಸತ್ತರೆ ಅದಕ್ಕೇಕೆ ಇಷ್ಟು ಗಲಾಟೆ? (ಬೋಝ್‌ಮನ್‌ನಲ್ಲಿ ಓದುತ್ತಿರುವ ಧಾರವಾಡದ ವಿದ್ಯಾರ್ಥಿ)

ಸಂಖ್ಯೆಯನ್ನಷ್ಟೇ ನೋಡಿದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ರಾಜ್ಯದಲ್ಲಿರುವುದು ಸುಮಾರು 1,100 ತೋಳಗಳು. ಅಲ್ಲಿನ ಯೋಜನೆಯ ಪ್ರಕಾರ ಮೊಂಟಾನಾ ಉಳಿಸಿಕೊಳ್ಳಬೇಕಾದ್ದು 150 ತೋಳ ಮತ್ತು 15 ಮರಿಹಾಕುವ ಜೋಡಿ. ಅದಕ್ಕಿಂತ ಕೆಳಗಿಳಿದರೆ ಕೇಂದ್ರ ಸರ್ಕಾರ ಮತ್ತೆ ರಕ್ಷಣೆ ಹೇರುವ ದಾರಿ ತೆರೆಯುತ್ತದೆ. ಗಡಿಯ ಹತ್ತು ಸಾವಿನಿಂದ ಈ ಲೆಕ್ಕ ಅಲುಗಾಡುವುದಿಲ್ಲ. ಬೇಟೆಗಾರರು ಮೊದಲು ಮುಂದಿಡುವ ವಾದವೇ ಇದು, ಅದರಲ್ಲಿ ತಪ್ಪಿಲ್ಲ.

ಆದರೆ ತೋಳದ ಬಾಳುವೆ ನಡೆಯುವುದು ಹಿಂಡಿನಲ್ಲಿ. ಹಿಂಡೆಂದರೆ ಒಂದು ಸಂಸಾರ: ಮರಿಹಾಕುವ ಗಂಡು ಹೆಣ್ಣು, ಈ ವರ್ಷದ ಮರಿಗಳು, ಹಿಂದಿನ ಒಂದೆರಡು ಸೂಲಿನ ಬೆಳೆದ ಮಕ್ಕಳು. ಎಲ್ಲಿ ಬೇಟೆಯಾಡಬೇಕು, ನೆರೆಯ ಹಿಂಡನ್ನು ಎಲ್ಲಿ ತಡೆಯಬೇಕು ಎಂಬುದೆಲ್ಲ ಹಿರಿಯ ಜೋಡಿಗೆ ಗೊತ್ತಿರುತ್ತದೆ. ಡೆನಾಲಿ, ಯೆಲ್ಲೋಸ್ಟೋನ್ ಸೇರಿ ಐದು ಉದ್ಯಾನಗಳ ಹಲವು ವರ್ಷಗಳ ದಾಖಲೆ ಕೂಡಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆದು ತೋರಿಸಿತು. ಹಿಂಡಿನಲ್ಲಿ ಒಂದಾದರೂ ತೋಳ ಮನುಷ್ಯನ ಕೈಯಲ್ಲಿ ಸತ್ತರೆ ಆ ಹಿಂಡು ವರ್ಷದ ಕೊನೆಯವರೆಗೆ ಒಡೆಯದೆ ಉಳಿಯುವ ಸಾಧ್ಯತೆ ಶೇ 27ರಷ್ಟು ಕುಗ್ಗುತ್ತದೆ. ಸತ್ತದ್ದು ಮುಂದಾಳಾಗಿದ್ದರೆ ಈ ಕುಸಿತ ಶೇ 73. ಮುಂದಿನ ವಸಂತದಲ್ಲಿ ಮರಿಹಾಕುವ ಸಾಧ್ಯತೆಯೂ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಹತ್ತು ತೋಳ ಎಂದರೆ ಬರೀ ಹತ್ತಲ್ಲ. ಯಾವ ಹತ್ತು ಎಂಬುದೇ ಇಲ್ಲಿ ಮುಖ್ಯ.

ಯೆಲ್ಲೋಸ್ಟೋನ್‌ನ ಕೊನೆಯ ತೋಳಗಳನ್ನು 1926ರಲ್ಲಿ ಕೊಂದಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟರು. ಇಂದು ಉದ್ಯಾನದಲ್ಲಿರುವುದು ನೂರರ ಆಸುಪಾಸು. ಬಡಗಣ ಭಾಗದ ಹಿಂಡುಗಳು ಹೆಚ್ಚುಕಡಿಮೆ ವರ್ಷವಿಡೀ ಒಳಗೇ ಇರುತ್ತವೆ. ಹೊರಗೆ ಕಳೆಯುವುದು ಶೇ 5ರಷ್ಟು ಸಮಯ ಮಾತ್ರ. ಆ ಶೇ 5 ಬೀಳುವುದು ಬೇಟೆಯ ಕಾಲದಲ್ಲೇ. ಹಿಮ ಬಿದ್ದಾಗ ಎಲ್ಕ್‌ಗಳು (ನಮ್ಮ ಕಡವೆಯ ಬಳಗದ ದೊಡ್ಡ ಜಿಂಕೆ) ಉದ್ಯಾನದ ಬಡಗಣ ಬಾಗಿಲಿನ ಊರಾದ ಗಾರ್ಡಿನರ್ ಕಡೆಯ ತಗ್ಗು ಕಣಿವೆಗೆ ಇಳಿಯುತ್ತವೆ, ತೋಳಗಳು ಅವುಗಳ ಬೆನ್ನಿಗೆ. ಎಲ್ಕ್ ಹೊಡೆದವರು ಅಲ್ಲೇ ಸೀಳಿ, ಕರುಳು ಹೊಟ್ಟೆಯ ರಾಶಿಯನ್ನು ಬಿಟ್ಟು ಮಾಂಸ ಒಯ್ಯುತ್ತಾರೆ. ತೋಳಕ್ಕೆ ಅದಕ್ಕಿಂತ ಸುಲಭದ ಊಟವಿಲ್ಲ.

2021ರಲ್ಲಿ ರಾಜ್ಯದ ಶಾಸನಸಭೆ ನಿಯಮಗಳನ್ನು ಸಡಿಲಿಸಿತು: ಉರುಳು ಹಾಕಬಹುದು, ಖಾಸಗಿ ಜಮೀನಿನಲ್ಲಿ ಆಮಿಷ ಇಟ್ಟು ರಾತ್ರಿಯೂ ಹೊಡೆಯಬಹುದು, ಖರ್ಚನ್ನು ಸಂಘಗಳು ತುಂಬಿಕೊಡಬಹುದು. ಅದೇ ವರ್ಷ ವನ್ಯಜೀವಿ ಆಯೋಗ ಉದ್ಯಾನಕ್ಕೆ ಅಂಟಿದ 313 ಮತ್ತು 316ನೇ ವಲಯಗಳಲ್ಲಿದ್ದ ಸಣ್ಣ ಕೋಟಾವನ್ನು ತೆಗೆದುಹಾಕಿತು. ಆ ಚಳಿಗಾಲ ಯೆಲ್ಲೋಸ್ಟೋನ್‌ನ 25 ತೋಳಗಳು ಗಡಿಯಾಚೆ ಸತ್ತವು: ಮೊಂಟಾನಾದಲ್ಲಿ 19, ವಯೋಮಿಂಗ್‌ನಲ್ಲಿ 4, ಐಡಾಹೊದಲ್ಲಿ 2. ಫ್ಯಾಂಟಮ್ ಲೇಕ್ ಹಿಂಡು ಇಲ್ಲವಾಯಿತು. ಆದರೆ ಮೊಂಟಾನಾ ಇಡೀ ರಾಜ್ಯದಲ್ಲಿ ಆ ಋತುವಿನ ಬೇಟೆ 273, ಅಂದರೆ ಹಿಂದಿನ ಋತುವಿಗಿಂತ ಕಡಿಮೆ. ನಿಯಮ ಸಡಿಲಿಸಿದ್ದರಿಂದ ರಾಜ್ಯದ ತೋಳ ಬೇಟೆ ಹೆಚ್ಚಲಿಲ್ಲ. ಗಡಿಯಲ್ಲಿ ಮಾತ್ರ ಹೆಚ್ಚಿತು.

ಪ್ರಶ್ನೆ: ಬೇಟೆಗಾರರೆಲ್ಲ ಕೋಟಾಕ್ಕೆ ವಿರೋಧವೇ? ಅವರ ವಾದವನ್ನು ಅವರ ಕಡೆಯಿಂದಲೇ ವಿವರಿಸುತ್ತೀರಾ? (ಶಿವಮೊಗ್ಗದ ಓದುಗರು)

ಎಲ್ಲರೂ ಅಲ್ಲ. ಇದನ್ನು ಬೇಟೆಗಾರರಿಗೂ ಪರಿಸರವಾದಿಗಳಿಗೂ ನಡುವಿನ ಜಗಳ ಎಂದು ಬರೆಯುವುದು ಸುಲಭ. ಆದರೆ ಆಯೋಗದ ಸಭೆಗಳಲ್ಲಿ ಕೋಟಾದ ಪರವಾಗಿ ಎದ್ದು ನಿಂತವರಲ್ಲೂ ಎಲ್ಕ್ ಬೇಟೆಗಾರರಿದ್ದಾರೆ.

ವಿರೋಧಿಸುವವರ ಮೊದಲ ಮಾತು: ಗೆರೆ ಎಂದರೆ ಗೆರೆ. ಉದ್ಯಾನ ಸುಮಾರು 9,000 ಚದರ ಕಿಲೋಮೀಟರ್ ಇದೆ, ಅಷ್ಟೂ ತೋಳಕ್ಕೆ ಬಿಟ್ಟ ಜಾಗ. ಗೆರೆಯ ಹೊರಗೆ ಇನ್ನೊಂದು ಗೆರೆ ಎಳೆದರೆ ನಾಳೆ ಅದರಾಚೆಗೂ ಒಂದು ಬರುತ್ತದೆ ಎಂಬ ಭಯ ಅವರದು. ಈ ಭಯದಿಂದಲೇ 2013ರಲ್ಲಿ ಕಾನೂನೊಂದು ಬಂತು. ಅದರ ಪ್ರಕಾರ ರಾಷ್ಟ್ರೀಯ ಉದ್ಯಾನದ ಸುತ್ತ ತೋಳ ಬೇಟೆಯನ್ನು ಆಯೋಗ ಸುಮ್ಮನೆ ಮುಚ್ಚುವಂತಿಲ್ಲ. ಆ ವಲಯಕ್ಕೆ ನಿಗದಿಯಾದ ಕೋಟಾ ತುಂಬಿದರೆ ಮಾತ್ರ ಮುಚ್ಚಬಹುದು. ಉದ್ಯಾನದ ಸುತ್ತ ಬೇಟೆಯಿಲ್ಲದ ನೆಲದ ಪಟ್ಟಿ ಮೊಂಟಾನಾದಲ್ಲಿ ಏಕಿಲ್ಲ, ಎಲ್ಲ ವಾದವೂ ಒಂದು, ಎರಡು, ಆರು ಎಂಬ ಅಂಕಿಯ ಮೇಲೇ ಏಕೆ ನಡೆಯುತ್ತದೆ ಎಂಬುದಕ್ಕೆ ಕಾರಣ ಇದೇ.

ಎರಡನೆಯದು ಹಣದ ಮಾತು. ಅಲ್ಲಿ ವನ್ಯಜೀವಿ ಇಲಾಖೆ ನಡೆಯುವುದು ಬಹುಪಾಲು ಪರವಾನಗಿ ಶುಲ್ಕದಿಂದ, ಜೊತೆಗೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಬಂದೂಕು, ಮದ್ದುಗುಂಡುಗಳ ಮೇಲೆ ವಸೂಲಾಗುವ ಸುಂಕದಿಂದ. ಉದ್ದ ಬಂದೂಕಿಗೂ ಗುಂಡಿಗೂ ಆ ಸುಂಕ ಶೇ 11. ‘ದುಡ್ಡು ಕೊಡುವವರು ನಾವು, ನೋಡಿ ಹೋಗುವ ಪ್ರವಾಸಿಗರ ಮಾತಿಗೇಕೆ ನಮ್ಮ ನೆಲ ಮುಚ್ಚಬೇಕು’ ಎಂದು ಅವರು ಕೇಳುವುದು ಈ ಕಾರಣಕ್ಕೆ. ಇದು ಬಾಯಿಮಾತಲ್ಲ, ಎಲ್ಕ್ ನೆಲೆಗಳನ್ನು ಉಳಿಸಿದ್ದೂ ಈ ದುಡ್ಡೇ.

ಮೂರನೆಯದು ಎಲ್ಕ್, ಗಾರ್ಡಿನರ್ ಕಡೆಯವರಿಗೆ ಎಲ್ಲಕ್ಕಿಂತ ನೋವಿನ ವಿಷಯ. ಉದ್ಯಾನದ ಬಡಗಣ ಎಲ್ಕ್ ಹಿಂಡು 1994ರಲ್ಲಿ 19,000ದಷ್ಟಿತ್ತು. 2013ರ ಎಣಿಕೆಯಲ್ಲಿ 4,000ಕ್ಕೂ ಕಡಿಮೆ. ಜನವರಿಯಲ್ಲಿ ಗಾರ್ಡಿನರ್‌ನಲ್ಲಿ ನಡೆಯುತ್ತಿದ್ದ ತಡ ಎಲ್ಕ್ ಬೇಟೆ ನಿಂತುಹೋಯಿತು. ಬೇಟೆಗಾರರನ್ನು ಕುದುರೆಯ ಮೇಲೆ ಕರೆದೊಯ್ದು ಬದುಕುತ್ತಿದ್ದ ಮನೆಗಳ ಚಳಿಗಾಲದ ಸಂಪಾದನೆ ಹೋಯಿತು. ತೋಳವೇ ಕಾರಣ ಎಂದು ಅವರು ಹೇಳಿದಾಗ ಅದರ ಹಿಂದೆ ನಿಜವಾದ ನಷ್ಟವಿದೆ. ಆದರೆ ಕುಸಿತಕ್ಕೆ ತೋಳ ಒಂದೇ ಕಾರಣವಲ್ಲ. ಅದೇ ವರ್ಷಗಳಲ್ಲಿ ಕರಡಿ ಮತ್ತು ಪೂಮಾಗಳ (ಅಮೆರಿಕದ ದೊಡ್ಡ ಕಾಡುಬೆಕ್ಕು) ಸಂಖ್ಯೆ ಏರಿತು, ಬರ ಬಂತು, ಆ ತಡ ಬೇಟೆಯಲ್ಲೇ ವರ್ಷಕ್ಕೆ ನೂರಾರು ಹೆಣ್ಣು ಎಲ್ಕ್‌ಗಳನ್ನು ಹೊಡೆಯುತ್ತಿದ್ದರು. ಮರಿಹಾಕುವ ವಯಸ್ಸಿನ ಹೆಣ್ಣನ್ನು ಹೊಡೆದರೆ ಹಿಂಡಿಗೆ ಬೀಳುವ ಪೆಟ್ಟು ದೊಡ್ಡದು. ತೋಳ ಹೆಚ್ಚಾಗಿ ಹಿಡಿಯುವುದು ಮರಿಗಳನ್ನೂ ಮುದಿ ಎಲ್ಕ್‌ಗಳನ್ನೂ. ಇತ್ತ ರಾಜ್ಯದ ಹಲವು ಬೇಟೆ ಜಿಲ್ಲೆಗಳಲ್ಲಿ ಎಲ್ಕ್ ಇಂದು ಇಲಾಖೆಯ ಗುರಿಗಿಂತ ಹೆಚ್ಚಿದೆ.

ಇನ್ನು ಕೋಟಾ ಇರಲಿ ಎನ್ನುವ ಬೇಟೆಗಾರರು. ಅವರ ವಾದದ ತಿರುಳು ಬೇಟೆಯ ಧರ್ಮ: ಓಡಲು, ಅಡಗಲು ಪ್ರಾಣಿಗೆ ಅವಕಾಶವಿದ್ದರೇ ಅದು ಬೇಟೆ. ಯೆಲ್ಲೋಸ್ಟೋನ್‌ನ ಲಮಾರ್ ಕಣಿವೆಯ ತೋಳ ಹುಟ್ಟಿದಾಗಿನಿಂದ ರಸ್ತೆ ಬದಿಯಲ್ಲಿ ದೂರದರ್ಶಕ ಹಿಡಿದು ನಿಂತ ಮನುಷ್ಯರನ್ನು ನೋಡುತ್ತಾ ಬೆಳೆದಿರುತ್ತದೆ. ಮನುಷ್ಯ ಎಂದರೆ ಅದಕ್ಕೆ ಭಯವಿಲ್ಲ. ಗಡಿ ದಾಟಿ ಹತ್ತು ಹೆಜ್ಜೆ ಬಂದಾಗ ನಿಂತು ನೋಡುತ್ತದೆ. ಗೆರೆಯ ಮೇಲೆ ಕೂತು, ಬ್ಯಾಟರಿ ಪೆಟ್ಟಿಗೆಯಿಂದ ಮರಿಯ ಅಳು ಕೇಳಿಸಿ, ಹೊರಬಂದದ್ದನ್ನು ಹೊಡೆದರೆ ಅದರಲ್ಲಿ ಬೇಟೆಯ ಕೌಶಲ ಏನಿದೆ ಎಂದು ಇವರು ಕೇಳುತ್ತಾರೆ. ಇವರಿಗೆ ಇನ್ನೊಂದು ಆತಂಕವೂ ಇದೆ. ಇಂಥ ಒಂದೊಂದು ಸಾವೂ ಸುದ್ದಿಯಾಗಿ ನ್ಯಾಯಾಲಯಕ್ಕೆ ಹೋದರೆ ರಾಜ್ಯದ ಕೈಯಿಂದ ಇಡೀ ತೋಳ ಬೇಟೆಯೇ ಜಾರಬಹುದು. 2010ರಲ್ಲಿ ಆದದ್ದು ಅದೇ: ಫೆಡರಲ್ ನ್ಯಾಯಾಲಯದ ಒಂದು ತೀರ್ಪಿನಿಂದ ತೋಳ ಮತ್ತೆ ರಕ್ಷಿತ ಪಟ್ಟಿಗೆ ಸೇರಿ ಆ ವರ್ಷದ ಬೇಟೆ ನಿಂತಿತು. 2011ರಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿ ಅದನ್ನು ಪಟ್ಟಿಯಿಂದ ತೆಗೆಯಬೇಕಾಯಿತು.

ನಮ್ಮ ಅಭಿಪ್ರಾಯ ಕೇಳಿದರೆ: ಸಣ್ಣ ವಲಯ, ಸಣ್ಣ ಕೋಟಾ, ಜನವರಿಗೆ ಮುಗಿಯುವ ಬೇಟೆ. ತೋಳ ಕೂಡುವುದು ಫೆಬ್ರುವರಿ ಮಧ್ಯದಲ್ಲಿ, ಗರ್ಭ 63 ದಿನ, ಮರಿ ಏಪ್ರಿಲ್‌ನಲ್ಲಿ. ಬೇಟೆ ಮಾರ್ಚ್ 15ರವರೆಗೆ ನಡೆದರೆ ಕೊನೆಯ ತಿಂಗಳಲ್ಲಿ ಸಾಯುವ ಹೆಣ್ಣಿನ ಹೊಟ್ಟೆಯಲ್ಲಿ ಮರಿಗಳಿರುತ್ತವೆ. ಇದನ್ನು ಒಪ್ಪದ ಎಲ್ಕ್ ಬೇಟೆಗಾರ ಅಪರೂಪ, ಏಕೆಂದರೆ ತುಂಬು ಗರ್ಭದ ಎಲ್ಕ್ ಹೊಡೆಯುವುದನ್ನು ಅವನೂ ಸಹಿಸುವುದಿಲ್ಲ.

ಪ್ರಶ್ನೆ: ಕೋಟಾ ಆರು ಎಂದಿದ್ದರೆ ಏಳು, ಎಂಟು ಸಾಯುವುದು ಹೇಗೆ? ಯಾರು ಎಣಿಸುತ್ತಾರೆ? (ಮಂಗಳೂರಿನ ಓದುಗರು)

ಹೊಡೆದವರೇ ತಿಳಿಸಬೇಕು. ತೋಳ ಹೊಡೆದ 24 ಗಂಟೆಯೊಳಗೆ ಇಲಾಖೆಗೆ ವರದಿ ಮಾಡುವುದು ಕಡ್ಡಾಯ. ಹತ್ತು ದಿನದೊಳಗೆ ಚರ್ಮ ಮತ್ತು ತಲೆಬುರುಡೆಯನ್ನು ಖುದ್ದಾಗಿ ಒಯ್ದು ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ಕೋಟಾ ತುಂಬಿದೆ ಎಂದು ಗೊತ್ತಾದ ಮೇಲೆ ಇಲಾಖೆ 24 ಗಂಟೆಯ ಸೂಚನೆ ಕೊಟ್ಟು ವಲಯ ಮುಚ್ಚುತ್ತದೆ. ಎರಡನ್ನೂ ಕೂಡಿಸಿ: ಆರನೆಯ ತೋಳ ಬಿದ್ದ ಹೊತ್ತಿಗೂ ಬೇಟೆ ನಿಲ್ಲುವ ಹೊತ್ತಿಗೂ ನಡುವೆ ಎರಡು ದಿನದ ಸಂದು. ಆಗಲೇ ಒಂದು ಹಿಂಡು ಹೊರಬಂದಿದ್ದರೆ, ಇಬ್ಬರು ಮೂವರು ಬೇರೆ ಬೇರೆ ದಿಬ್ಬದ ಮೇಲೆ ಕೂತಿದ್ದರೆ, ಮಿತಿ ಮೀರುತ್ತದೆ. ಯಾರೂ ಕಾನೂನು ಮುರಿದಿರುವುದಿಲ್ಲ.

ಬೋನಿನಲ್ಲಿ ಈ ಸಂದು ಇನ್ನೂ ದೊಡ್ಡದು. ಕಾಲು ಹಿಡಿಯುವ ಕಬ್ಬಿಣದ ಬೋನನ್ನು 48 ಗಂಟೆಗೊಮ್ಮೆ ನೋಡಿಬಂದರೆ ಸಾಕು. ಸಿಕ್ಕಿಬಿದ್ದ ಪ್ರಾಣಿ ಎರಡು ದಿನ ಲೆಕ್ಕಕ್ಕೇ ಬಾರದೆ ಇರಬಹುದು. ಬೋನು, ಉರುಳುಗಳಿಗೆ ಕರಡಿ ಸಿಗುವ ಅಪಾಯವೂ ಇದೆ. ಅದಕ್ಕೇ 2023ರ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಗ್ರಿಜ್ಲಿ ಕರಡಿಯ ನೆಲೆಗಳಲ್ಲಿ ತೋಳಕ್ಕೆ ಬೋನಿಡುವುದನ್ನು ಜನವರಿ 1ರಿಂದ ಫೆಬ್ರುವರಿ 15ರವರೆಗೆ, ಅಂದರೆ ಕರಡಿಗಳು ಗುಹೆಯಲ್ಲಿ ಮಲಗಿರುವ ಕಾಲಕ್ಕೆ ಮಿತಿಗೊಳಿಸಿದರು.

ಕೋಟಾ ಎಷ್ಟೇ ಇರಲಿ, ಋತು ಶುರುವಾಗುವ ಮೊದಲೇ ಗೊತ್ತುಮಾಡಿ ನಡುವೆ ಬದಲಿಸದಿರುವುದು ಮುಖ್ಯ. 2012ರ ಡಿಸೆಂಬರ್‌ನಲ್ಲಿ, ಯೆಲ್ಲೋಸ್ಟೋನ್‌ನ 832ಎಫ್ ಎಂಬ ಹೆಸರುವಾಸಿ ಹೆಣ್ಣು ತೋಳ ವಯೋಮಿಂಗ್‌ನಲ್ಲಿ ಗುಂಡಿಗೆ ಬಲಿಯಾದ ಬೆನ್ನಿಗೆ ಮೊಂಟಾನಾ ಆಯೋಗ ಗಡಿಯ ಕೆಲವು ಭಾಗಗಳನ್ನು ಆತುರಾತುರವಾಗಿ ಮುಚ್ಚಿತು. ಬೇಟೆಗಾರರ ಸಂಘಗಳು ನ್ಯಾಯಾಲಯಕ್ಕೆ ಹೋದವು. ಜನರಿಗೆ ಸರಿಯಾಗಿ ತಿಳಿಸಿಲ್ಲ ಎಂಬ ಕಾರಣಕ್ಕೆ ಜನವರಿಯಲ್ಲಿ ಆ ಆದೇಶಕ್ಕೆ ತಡೆ ಬಿತ್ತು. ಆ ವರ್ಷ ತೋಳಗಳಿಗೆ ಲಾಭವಾಗಲಿಲ್ಲ. ಇಲಾಖೆಯ ಮೇಲೆ ಬೇಟೆಗಾರರಿಗಿದ್ದ ನಂಬಿಕೆಯೂ ಹೋಯಿತು.

ಪ್ರಶ್ನೆ: ಗಡಿಯಲ್ಲಿ ಬೇಟೆ ನಿಲ್ಲಿಸಿದರೆ ತೋಳಗಳು ಮಿತಿಮೀರಿ ಬೆಳೆಯುವುದಿಲ್ಲವೇ? (ಬೆಂಗಳೂರಿನ ಜೀವಶಾಸ್ತ್ರ ಅಧ್ಯಾಪಕರು)

ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿರುವುದು ಕೆನಡಾದ ಒಂಟಾರಿಯೊದಲ್ಲಿ. ಆಲ್ಗಾಂಕ್ವಿನ್ ಉದ್ಯಾನದ ತೋಳಗಳೂ ಚಳಿಗಾಲದಲ್ಲಿ ಜಿಂಕೆಯ ಹಿಂದೆ ಹೊರಗೆ ಹೋಗಿ ಸಾಯುತ್ತಿದ್ದವು. 2001ರಲ್ಲಿ ಉದ್ಯಾನದ ಸುತ್ತಲಿನ ಟೌನ್‌ಶಿಪ್‌ಗಳಲ್ಲೆಲ್ಲ (ನಮ್ಮ ಹೋಬಳಿಯಂಥ ಆಡಳಿತ ವಿಭಾಗಗಳು) ತೋಳ ಬೇಟೆಯನ್ನೂ ಬೋನನ್ನೂ ನಿಷೇಧಿಸಿದರು. ಉದ್ಯಾನದ ಮೂಡಣ ಭಾಗದ ತೋಳಗಳ ಸಾವಿನಲ್ಲಿ ಮನುಷ್ಯನ ಪಾಲು ಶೇ 67ರಿಂದ ಶೇ 16ಕ್ಕೆ ಇಳಿಯಿತು. ಆದರೆ ಸಂಖ್ಯೆ ಏರಲಿಲ್ಲ! ಸಹಜ ಸಾವು ಆ ಜಾಗವನ್ನು ತುಂಬಿತು. ಬದಲಾದದ್ದು ಹಿಂಡಿನ ಒಳಗಿನ ಸಂಬಂಧ. ಮೊದಲು ಶೇ 80ರಷ್ಟು ಹಿಂಡುಗಳಲ್ಲಿ ಹೊರಗಿನ, ರಕ್ತಸಂಬಂಧವಿಲ್ಲದ ತೋಳಗಳು ಸೇರಿಕೊಂಡಿದ್ದವು. ನಿಷೇಧದ ನಂತರ ಅಂಥ ಹಿಂಡುಗಳು ಶೇ 6. ಒಡೆದ ಮನೆಗಳು ಮತ್ತೆ ಸಂಸಾರವಾದವು ಎಂದುಕೊಳ್ಳಿ.

ಹಾಗೆಂದು ನಿಷೇಧದ ಪಟ್ಟಿ ಎಲ್ಲೆಡೆ ಉಳಿಯುವುದಿಲ್ಲ. ಅಲಾಸ್ಕಾದ ಡೆನಾಲಿ ಉದ್ಯಾನದ ಪಕ್ಕ ಇದ್ದ ಬೇಟೆರಹಿತ ಪಟ್ಟಿಯನ್ನು ರಾಜ್ಯದ ಬೇಟೆ ಮಂಡಳಿ 2010ರಲ್ಲಿ ತೆಗೆದುಹಾಕಿತು. ಪಟ್ಟಿ ಇದ್ದ ವರ್ಷಗಳಿಗೆ ಹೋಲಿಸಿದರೆ ನಂತರ ಉದ್ಯಾನದ ರಸ್ತೆಯಲ್ಲಿ ಪ್ರವಾಸಿಗರ ಕಣ್ಣಿಗೆ ತೋಳ ಬೀಳುವುದು ಬಹಳ ಕಡಿಮೆಯಾಯಿತು. ಪಟ್ಟಿ ಬೇಡ ಎಂದವರು ಅಲ್ಲಿ ಬೋನಿಟ್ಟು ಬದುಕುವ ಕೈಬೆರಳೆಣಿಕೆಯ ಸ್ಥಳೀಯರು. ಅವರನ್ನು ಕೂರಿಸಿಕೊಂಡು ಮಾತಾಡದೆ ಎಳೆದ ಗೆರೆ ಮುಂದಿನ ಮಂಡಳಿ ಬಂದಾಗ ಅಳಿಸಿಹೋಗುತ್ತದೆ.

ಪ್ರಶ್ನೆ: ಕುತ್ತಿಗೆಯಲ್ಲಿ ರೇಡಿಯೊ ಕಾಲರ್ ಇರುವ ತೋಳವನ್ನು ನೋಡಿಯೂ ಹೊಡೆಯುತ್ತಾರೆಯೇ? (ಹಾಸನದ ಓದುಗರು)

ಕಾಲರ್ ಇದೆ ಎಂಬ ಕಾರಣಕ್ಕೆ ಮೊಂಟಾನಾದ ಕಾನೂನು ತಡೆಯುವುದಿಲ್ಲ. ಎಷ್ಟೋ ಸಲ ಅದು ಕಾಣುವುದೂ ಇಲ್ಲ. ಡಿಸೆಂಬರ್ ಹೊತ್ತಿಗೆ ತೋಳದ ಕತ್ತಿನ ಕೂದಲು ಕಂಬಳಿಯಷ್ಟು ದಪ್ಪವಾಗಿರುತ್ತದೆ. 300 ಮೀಟರ್ ದೂರದಿಂದ ಕೋವಿಯ ದುರ್ಬೀನಿನಲ್ಲಿ ನೋಡುವವನಿಗೆ ಪಟ್ಟಿ ಆ ಕೂದಲೊಳಗೆ ಮುಳುಗಿ, ಗದ್ದದಡಿ ಬ್ಯಾಟರಿ ಡಬ್ಬಿಯ ಒಂದು ಮೂಲೆ ಕಂಡರೆ ಕಂಡಿತು. ತೋಳವನ್ನು ಕಯೋಟಿ (ಅದೇ ಬಳಗದ ಸಣ್ಣ ಪ್ರಾಣಿ) ಎಂದು ತಪ್ಪು ತಿಳಿದು ಹೊಡೆಯುವುದೂ ಉಂಟು. ದೊಡ್ಡ ತೋಳ 40, 50 ಕಿಲೋ. ಕಯೋಟಿ 15ರ ಆಸುಪಾಸು. ಆದರೆ ಬಯಲಿನಲ್ಲಿ ಒಂಟಿಯಾಗಿ ನಿಂತದ್ದರ ಗಾತ್ರ ಅಳೆಯಲು ಪಕ್ಕದಲ್ಲಿ ಬೇರೇನೂ ಇರುವುದಿಲ್ಲ. ಹೆಜ್ಜೆ ನೋಡಿ: ತೋಳದ್ದು ಸುಮಾರು 11 ಸೆಂಟಿಮೀಟರ್ ಉದ್ದ, ಕಯೋಟಿಯದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಪ್ರಶ್ನೆ: ನಮ್ಮಲ್ಲೂ ತೋಳ ಕುರಿ ಹಿಡಿಯುತ್ತದೆ. ಅಲ್ಲಿಯ ಹಾಗೆ ಇಲ್ಲೂ ಧಾಮದ ಹೊರಗೆ ಬೇಟೆಗೆ ಕೋಟಾ ಕೊಟ್ಟರೆ ತಪ್ಪೇನು? (ಕೊಪ್ಪಳ ಜಿಲ್ಲೆಯ ಕುರಿಗಾರರ ಮನೆಯ ಯುವಕರು)

ಕೊಡಲು ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ತೋಳ ಇದೆ. ಧಾಮದ ಒಳಗಾಗಲಿ ಹೊರಗಾಗಲಿ ಕೊಲ್ಲುವಂತಿಲ್ಲ. ಸಿಕ್ಕಿಬಿದ್ದರೆ ಕನಿಷ್ಠ ಮೂರು ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಲೆಕ್ಕವೂ ಬೇರೆ: ಮೊಂಟಾನಾ ಒಂದರಲ್ಲೇ ಸಾವಿರಕ್ಕೂ ಹೆಚ್ಚಿದ್ದರೆ ಭಾರತದಾದ್ಯಂತ ಇರುವ ತೋಳಗಳ ಅಂದಾಜು ಎರಡು ಮೂರು ಸಾವಿರ. ನಿಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳ ಧಾಮ ಸುಮಾರು 332 ಹೆಕ್ಟೇರ್. ಒಂದು ಹಿಂಡು ಒಂದೇ ರಾತ್ರಿಯಲ್ಲಿ ಅದನ್ನು ದಾಟಿ ಹೋಗುತ್ತದೆ. ನಮ್ಮ ತೋಳ ಬದುಕುವುದು ಧಾಮದಲ್ಲಿ ಅನ್ನುವುದಕ್ಕಿಂತ ನಿಮ್ಮ ಹೊಲ, ಹುಲ್ಲುಗಾವಲು, ಕುರುಚಲು ಗುಡ್ಡಗಳಲ್ಲಿ. ಅದನ್ನು ಸಾಕುತ್ತಿರುವವರು ನೀವೇ, ಆದ್ದರಿಂದ ನಷ್ಟ ತುಂಬಿಸಿಕೊಳ್ಳುವ ಹಕ್ಕೂ ನಿಮ್ಮದೇ.

ಅದಕ್ಕೆ ಮಾಡಬೇಕಾದ್ದು: ಸತ್ತ ಕುರಿಯನ್ನು ಅಲ್ಲಿಂದ ಕದಲಿಸಬೇಡಿ, ಚರ್ಮ ಸುಲಿಯಬೇಡಿ. ಗಂಟಲು, ಹಿಂಗಾಲು, ಸುತ್ತಲಿನ ಹೆಜ್ಜೆ, ಕಿವಿಯೋಲೆ ಇದ್ದರೆ ಅದರ ಸಂಖ್ಯೆ, ಎಲ್ಲದರ ಫೋಟೊ ಫೋನಿನಲ್ಲಿ ತೆಗೆದಿಡಿ. ಅದೇ ದಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಸಿಬ್ಬಂದಿ ಬಂದು ಮಹಜರು ಮಾಡಬೇಕು, ಪಶುವೈದ್ಯರು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಎರಡೇ ಕಡೆ. ಒಂದು, ತಡ: ಮಂದೆ ಊರಿಂದೂರಿಗೆ ಹೊರಟಿರುತ್ತದೆ, ಅಧಿಕಾರಿ ಬರುವ ಹೊತ್ತಿಗೆ ಹೆಣವನ್ನು ನಾಯಿ ಹದ್ದುಗಳು ಮುಗಿಸಿರುತ್ತವೆ. ಕಾಯಲು ಆಗದಿದ್ದರೆ ಒಬ್ಬರನ್ನಾದರೂ ಹೆಣದ ಬಳಿ ನಿಲ್ಲಿಸಿ, ಮೇಲೆ ಮುಳ್ಳುಕಂಟಿ ಮುಚ್ಚಿ. ಇನ್ನೊಂದು, ಬೀದಿನಾಯಿ ಕಚ್ಚಿದ್ದು ಎಂದು ಬರೆದುಬಿಡುವುದು. ತೋಳ ಕುರಿಯನ್ನು ಸಾಮಾನ್ಯವಾಗಿ ಗಂಟಲಿಗೆ ಹಿಡಿಯುತ್ತದೆ. ಹೊರಗೆ ನಾಲ್ಕಾರು ತೂತು ಮಾತ್ರ ಕಂಡರೂ ಚರ್ಮದಡಿ ರಕ್ತ ಹೆಪ್ಪುಗಟ್ಟಿರುತ್ತದೆ. ನಾಯಿಗಳು ತೊಡೆ, ಹೊಟ್ಟೆ, ಕಿವಿ ಎಂದು ಕಂಡಕಂಡಲ್ಲಿ ಹರಿದಿರುತ್ತವೆ. ಗಂಟಲ ಚರ್ಮ ಬಿಡಿಸಿ ನೋಡುವಂತೆ ವೈದ್ಯರನ್ನು ನೀವೇ ಕೇಳಿ.

ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸುವಾಗ ಮರಿಗಳನ್ನು ಬಲೆಯ ಅಂಚಿನಲ್ಲಿ ಕೂಡಬೇಡಿ, ನಡುವೆ ಇರಲಿ. ಬಲೆಯ ಬುಡವನ್ನು ಕಲ್ಲಿಟ್ಟು ಬಿಗಿ ಮಾಡಿ. ತೋಳ ಹಾರುವುದಕ್ಕಿಂತ ಕೆಳಗೆ ನುಸುಳುವುದೇ ಹೆಚ್ಚು. ನಾಯಿ ಎರಡಾದರೂ ಇರಲಿ, ಗಾಳಿ ಬೀಸುವ ದಿಕ್ಕಿಗೆ ಒಂದು, ಎದುರು ದಿಕ್ಕಿಗೆ ಒಂದು ಮಲಗುವ ಹಾಗೆ. ಹೆಣಕ್ಕೆ ವಿಷ ಹಾಕುವುದಂತೂ ಬೇಡವೇ ಬೇಡ. ಮೊದಲು ಸಾಯುವುದು ನಿಮ್ಮ ನಾಯಿ.